ಕಾಯಿ ಬಿಡುವ ಪಿಲ್ಲರು

ನಾಲ್ಕು ಗೋಡೆ, ಒಂದು ಬಾಗಿಲು, ಒಂದು ಕಿಟಕಿ, ಮೇಲೊಂದು ಶೀಟು. ಇದರಲ್ಲಿ ತಪ್ಪು ಮಾಡಲು ಏನಿದೆ ಹೇಳಿ? ಹೀಗೆಂದು ನಾನು ನನ್ನ ಹೆಂಡತಿ ಪ್ರಭಾಳನ್ನು ಕೇಳಿದ್ದೆ. ಕೇಳಿದ್ದು ಗೋಡೆ ಕಟ್ಟುವುದಕ್ಕೆ ಮೊದಲು. ಈಗ ಯಾರಾದರೂ ನನ್ನನ್ನು ಅದೇ ಪ್ರಶ್ನೆ ಕೇಳಿದರೆ, ಅವರನ್ನು ಕುರ್ಚಿ ಹಾಕಿ ಕೂರಿಸಿ ಬೆಳಗಿನಿಂದ ಸಂಜೆಯವರೆಗೆ ಉತ್ತರ ಹೇಳಬಲ್ಲೆ. ಆದರೆ ನನಗೆ ಸುಸ್ತಾಗಿದೆ. ಆದ್ದರಿಂದ ಒಂದೇ ಸಲ ಹೇಳಿ ಮುಗಿಸಿಬಿಡುತ್ತೇನೆ.

ನಾನು ಹನಿ ನೀರಾವರಿ ಪೈಪು ಮಾರುವ ಕಂಪನಿಯೊಂದರಲ್ಲಿ ಫೋನ್ ಸಲಹೆಗಾರ. ರೈತರು ಫೋನ್ ಮಾಡಿ "ಸಾ, ನೀರು ಬತ್ತಿಲ್ಲ" ಎನ್ನುತ್ತಾರೆ. ನಾನು "ಫಿಲ್ಟರ್ ಬಿಚ್ಚಿ ತೊಳೀರಿ" ಎನ್ನುತ್ತೇನೆ. ಎಷ್ಟೋ ಊರುಗಳ ತೋಟಗಳನ್ನು ಹೀಗೆ ಕುರ್ಚಿಯಿಂದ ಏಳದೆ ಸರಿಪಡಿಸಿದ್ದೇನೆ. ಹಾಗಾಗಿ ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ ಕೆಲಸವಿಲ್ಲ ಎಂಬ ಒಂದು ಭಾವನೆ ನನ್ನೊಳಗೆ ಸದ್ದಿಲ್ಲದೆ ಬೆಳೆದುಕೊಂಡಿತ್ತು. ಕಂಪನಿಯವರು ಅರಸೀಕೆರೆಯ ಆಫೀಸು ಮುಚ್ಚಿ, ಇನ್ನು ಮನೆಯಿಂದಲೇ ಮಾತಾಡಿ ಎಂದಾಗ, ಲ್ಯಾಪ್‌ಟಾಪನ್ನು ತಂದು ನಮ್ಮ ಹಾಲಿನಲ್ಲಿ ಟಿವಿಯ ಪಕ್ಕದಲ್ಲೇ ವಿಧಿವತ್ತಾಗಿ ಪ್ರತಿಷ್ಠಾಪಿಸಿದೆ.

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ನನ್ನ ಕರೆಗಳೆಲ್ಲ ಕಂಪನಿಯಲ್ಲಿ ರೆಕಾರ್ಡ್ ಆಗುತ್ತವೆ. ಕುಕ್ಕರ್ ಕೂಗಬಾರದು. ಮಿಕ್ಸಿ ತಿರುಗಬಾರದು. ಧಾರಾವಾಹಿಯವರು ಬರೀ ಬಾಯಿ ಆಡಿಸಬೇಕು. ಪ್ರಭಾಳ ತಾಯಿ ಗೌರಮ್ಮನವರು ನಮ್ಮ ಜೊತೆಗೇ ಇರುವವರು. ಜಾವಗಲ್‌ನವರು, ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡಿ ಬೆಳೆದ ಗಂಟಲು ಅವರದು. ಒಂದು ದಿನ ನಮ್ಮ ಮೇಲಧಿಕಾರಿ ಮೇಡಂ ಫೋನ್ ಮಾಡಿದರು.

"ನಿಮ್ಮ ನಿನ್ನೆಯ ಕರೆ ಕೇಳಿದೆ ರುದ್ರೇಶ್. ಚೆನ್ನಾಗಿ ವಿವರಿಸಿದ್ದೀರಿ. ಆದರೆ ಮಧ್ಯದಲ್ಲಿ ಒಬ್ಬರು, 'ಅವಳು ಸೊಸೆಗೆ ಹೊಟ್ಟೆ ತುಂಬ ಅನ್ನ ಹಾಕಲ್ಲ ಕಣೇ' ಅಂತಾರೆ. ಇದು ನಮ್ಮ ಯಾವ ಯೋಜನೆಗೆ ಸಂಬಂಧಪಟ್ಟಿದ್ದು?"

ಅವತ್ತಿನಿಂದ ಅತ್ತೆಯವರ ಬಾಯಿಗೂ ಬೀಗ ಬಿತ್ತು. ಮೂವರೂ ಮನೆಯಲ್ಲಿ ಪಿಸುಗುಟ್ಟಿಕೊಂಡು, ಕೈಸನ್ನೆ ಮಾಡಿಕೊಂಡು, ತುದಿಗಾಲಲ್ಲಿ ಓಡಾಡಿಕೊಂಡು ಬದುಕತೊಡಗಿದೆವು. ಕೊನೆಗೊಂದು ದಿನ ಪ್ರಭಾ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಹಾಕಿ, ಸ್ಫೋಟಿಸಿದಳು. ಪಿಸುದನಿಯಲ್ಲೇ!

"ರೀ, ನನ್ನ ಮನೇಲೇ ನಾನು ಕಳ್ಳಿ ಥರ ಓಡಾಡ್ತಿದೀನಿ. ಬೆಳಿಗ್ಗೆ ಸೊಪ್ಪಿನವಳ ಹತ್ರ ಚೌಕಾಸಿ ಮಾಡೋಕೆ ಹೋದ್ರೆ ದನೀನೇ ಬರ್ಲಿಲ್ಲ. 'ಗಂಟಲು ಕಟ್ಟೈತಾ ಅಕ್ಕ, ಕಷಾಯ ಕುಡೀರಿ' ಅಂದ್ಲು ಅವಳು. ನಂಗೆ ಒಡವೆ ಬೇಡ, ಸೀರೆ ಬೇಡ. ಬಾಯಿಬಿಟ್ಟು ಮಾತಾಡೋಕೆ ಒಂದು ಜಾಗ ಬೇಕು. ಅಷ್ಟೇ ಕಣ್ರೀ."

ಅವಳ ಕಣ್ಣಲ್ಲಿ ನೀರಿತ್ತು. ಮದುವೆಯಾದ ಹೊಸದರಲ್ಲಿ ಇವಳ ನಗು ಬೀದಿಯ ಕೊನೆಗೆ ಕೇಳುತ್ತಿತ್ತು. ಅದನ್ನು ಕೇಳಿ ಎಷ್ಟು ದಿನವಾಯಿತೋ ನನಗೇ ನೆನಪಿರಲಿಲ್ಲ. ಆ ಕ್ಷಣವೇ ಘೋಷಿಸಿದೆ: ಹಿತ್ತಲಿನಲ್ಲಿ ಒಂದು ಆಫೀಸು ಕಟ್ಟಿಸುತ್ತೇನೆ. ನನ್ನ ಮಾತು ಅಲ್ಲಿ, ನಿನ್ನ ಮಾತು ಇಲ್ಲಿ. ನಾಲ್ಕು ಗೋಡೆ, ಒಂದು ಬಾಗಿಲು, ತಪ್ಪು ಮಾಡಲು ಏನಿದೆ?

ಇತ್ತು. ತೆಂಗಿನ ಮರ ಇತ್ತು.

ನಮ್ಮ ಹಿತ್ತಲು ಅಂಥಾ ದೊಡ್ಡದೇನಲ್ಲ. ಎಡಕ್ಕೆ ಸೆಪ್ಟಿಕ್ ಟ್ಯಾಂಕು, ಬಲಕ್ಕೆ ಪಕ್ಕದ ಮನೆಯವರ ಕಾಂಪೌಂಡು. ನಡುವೆ ಉಳಿದ ಜಾಗದಲ್ಲಿ, ಸರಿಯಾಗಿ ನನ್ನ ಆಫೀಸಿನ ಗೋಡೆ ಬರಬೇಕಾದ ಸಾಲಿನಲ್ಲಿ, ಸದರಿ ಮರವು ನಿಂತಿತ್ತು. ಬೇರೆ ಊರಿನವರಾದರೆ ಕಡಿದು ಮುಂದೆ ಹೋಗುತ್ತಿದ್ದರು. ನಮ್ಮ ಅರಸೀಕೆರೆ ಸೀಮೆಯಲ್ಲಿ ಕಾಯಿ ಬಿಡುತ್ತಿರುವ ಮರಕ್ಕೆ ಕೊಡಲಿ ಹಾಕುವ ಮಾತನ್ನು ಮನೆಯಲ್ಲಿ ಆಡುವ ಹಾಗಿಲ್ಲ. ಮನೆಯನ್ನೇ ಮರಕ್ಕೆ ಹೊಂದಿಸಿಕೊಳ್ಳುತ್ತೇವೆ. ನಮ್ಮ ಬೀದಿಯಲ್ಲೇ ಒಬ್ಬರ ಮನೆಯ ಚಾವಣಿ ತೂರಿಕೊಂಡು ಒಂದು ಮರ ಹೊರಟಿದೆ. ಯಾರೂ ತಿರುಗಿ ಕೂಡ ನೋಡುವುದಿಲ್ಲ. ಆ ಚಾವಣಿಯಲ್ಲಿ ಮರದ ಸುತ್ತ ಧಾರಾಳವಾಗಿ ಜಾಗ ಬಿಟ್ಟಿದ್ದಾರೆ ಎಂಬ ಅಂಶವನ್ನು ನಾನು ಗಮನಿಸಿರಲಿಲ್ಲ. ನಾನೂ ತಿರುಗಿ ನೋಡದವರ ಪೈಕಿ!

ಆದರೂ ಒಂದು ಮಾತು ಕೇಳಿ ನೋಡೋಣವೆಂದು ಅತ್ತೆಯವರ ಮುಂದೆ ಮೆಲ್ಲಗೆ, "ಆ ಮರ ಸ್ವಲ್ಪ ಅಡ್ಡ ಬರ್ತಿದೆ" ಎಂದೆ.

"ಅಡ್ಡ ಬಂದಿರೋದು ಮರ ಅಲ್ಲ ಅಳಿಯಂದ್ರೆ, ನಿಮ್ಮ ಆಪೀಸು," ಎಂದರು ಅತ್ತೆ. "ಅದು ಮೊದ್ಲಿಂದ ಐತೆ. ಅದಕ್ಕೇನಾದ್ರೂ ಕೊಡ್ಲಿ ತಾಗಿತೋ, ನಾನು ಜಾವಗಲ್ ಬಸ್ ಹತ್ತಿ ಹೊಂಟೋಯ್ತೀನಿ."

ಹಾರನಹಳ್ಳಿಯಿಂದ ನಿಂಗಪ್ಪ ಮೇಸ್ತ್ರಿಯನ್ನು ಕರೆಸಿದೆ. ಅವನು ಮರವನ್ನು ಸುತ್ತುಹಾಕಿದ, ತಟ್ಟಿದ, ತಲೆಯೆತ್ತಿ ನೋಡಿದ. ಆಮೇಲೆ ಅವನ ಮುಖದಲ್ಲಿ ಬೆಳಕು ಮೂಡಿತು.

"ಸಾ, ಈ ಮರಾನೇ ಪಿಲ್ಲರ್ ಮಾಡ್ಕಂಬುಟ್ರೆ?"

"ಪಿಲ್ಲರ್?"

"ಊಂ ಸಾ. ಈ ಕಡೆಯಿಂದ ಒಂದು ಗೋಡೆ, ಆ ಕಡೆಯಿಂದ ಒಂದು ಗೋಡೆ, ಎರಡನ್ನೂ ತಂದು ಮರಕ್ಕೆ ಸೇರ್ಸಿ ಸಿಮೆಂಟ್ ಜಡಿದುಬುಡದು. ಇಂಥಾ ಗಟ್ಟಿ ಪಿಲ್ಲರ್ ಯಾವ ಇಂಜಿನಿಯರ್ ಕೊಟ್ಟಾನು ಹೇಳಿ? ಮ್ಯಾಲೆ ಕಾಯಿ ಬೇರೆ ಬಿಡ್ತದೆ!"

ನಾನು ಬೆರಗಾದೆ. ನನಗೆ ಯಾಕೆ ಹೊಳೆಯಲಿಲ್ಲ! ಅವನ ಭುಜ ತಟ್ಟಿದೆ. ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗುವುದು ನನ್ನ ಕರ್ತವ್ಯವೆಂದು ಭಾವಿಸಿ, "ಮರವೇ ಇಷ್ಟು ಗಟ್ಟಿ ಇರುವಾಗ ಉಳಿದ ಮೂಲೆಗಳಿಗೆ ತಾನೇ ಪಿಲ್ಲರ್ ಏಕೆ?" ಎಂದೆ. ನಿಂಗಪ್ಪ ಬೆರಗಾದ. ಹೀಗೆ ಇಬ್ಬರು ಬುದ್ಧಿವಂತರು ಒಬ್ಬರಿಗೊಬ್ಬರು ಬೆರಗಾಗುತ್ತ ಕೆಲಸ ಶುರು ಮಾಡಿದೆವು.

ಪಾಯ ತೆಗೆಯುವಾಗ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತರು. ಪಿಕಾಸಿ ಎತ್ತಿದಾಗಲೆಲ್ಲ, "ನಿಧಾನ ಕಣಪ್ಪ, ಬೇರು! ಬೇರು!" ಎಂದು ಪಿಸುಗುಟ್ಟುತ್ತ ಎದ್ದು ನಿಲ್ಲುತ್ತಿದ್ದರು. ಒಳಗೆ ನಾನು ಕರೆಯಲ್ಲಿದ್ದೆನಲ್ಲ! ಬೇರು ಕಂಡಲ್ಲೆಲ್ಲ ಅಗೆತ ನಿಂತಿತು. ತೆಂಗಿನ ಬೇರು ಎಲ್ಲಿ ಇರುವುದಿಲ್ಲ? ಕೊನೆಗೆ ನಮ್ಮ ಪಾಯವು ಬದನೆ ಸಸಿ ನೆಡುವ ಪಾತಿಯಷ್ಟು ಆಳಕ್ಕೆ ಇಳಿದು ತೃಪ್ತಿಪಟ್ಟುಕೊಂಡಿತು. ಬ್ಲಾಕು ದಪ್ಪವಾದರೆ ಒಳಗೆ ಮೇಜು ಹಿಡಿಸುವುದಿಲ್ಲವೆಂದು ನಾನು ಇದ್ದುದರಲ್ಲೇ ತೆಳ್ಳಗಿನ ಬ್ಲಾಕು ತರಿಸಿದೆ.

"ಇದು ಕಾಂಪೌಂಡಿಗೆ ಹಾಕೋದಲ್ವೇನ್ರೀ?" ಎಂದಳು ಪ್ರಭಾ.

"ಏನೂ ಆಗಕಿಲ್ಲ ಬುಡಿ ಅಕ್ಕ," ಎಂದ ನಿಂಗಪ್ಪ. "ಹಳೇಬೀಡಲ್ಲಿ ಸಿಮೆಂಟೇ ಇಲ್ದೆ ಅಷ್ಟು ದೊಡ್ಡ ಗುಡಿ ನಿಂತೈತೆ. ನಾವು ಸಿಮೆಂಟ್ ಹಾಕ್ತಿದೀವಿ!"

ಈ ವಾದ ಕೇಳಿ ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು. ನಾನು ಹಳೇಬೀಡಿನ ಶಿಲ್ಪಿಯ ಹಾಗೆ ಎದೆಯುಬ್ಬಿಸಿ ಮೊದಲ ಬ್ಲಾಕು ಎತ್ತಿ ಕೊಟ್ಟೆ.

ಗೋಡೆಗಳು ಎದ್ದವು. ಮರದ ಸುತ್ತ ಸಿಮೆಂಟನ್ನು ಬೆರಳು ತೂರದ ಹಾಗೆ ಜಡಿಸಿದೆ. ಮೇಲಿನ ಶೀಟಿನಲ್ಲಿ ಮರಕ್ಕೆ ಸರಿಯಾಗಿ ತೂತು ಕೊರೆಸಿ, ಅದರ ಅಂಚಿಗೂ ಸಿಮೆಂಟು ಬಳಿಸಿದೆ. ಸಣ್ಣದೊಂದು ಪೂಜೆ ಮಾಡಿ, ಲ್ಯಾಪ್‌ಟಾಪು ಒಯ್ದಿಟ್ಟು, ಬಾಗಿಲು ಹಾಕಿಕೊಂಡೆ. ಆಹಾ! ಅಂದು ಮಧ್ಯಾಹ್ನ ನಮ್ಮ ಮನೆಯಿಂದ ಕುಕ್ಕರ್ ಕೂಗಿದ್ದು ಕೇಳಿಸಿತು. ಮಿಕ್ಸಿ ಗರ್ಜಿಸಿತು. ಪ್ರಭಾ ತನ್ನ ತಂಗಿಗೆ ಫೋನ್ ಮಾಡಿ ಗಹಗಹಿಸಿ ನಗುತ್ತಿದ್ದಳು. ನಾನು ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಆ ನಗು ಕೇಳುತ್ತ ಕೂತೆ. ಜೀವನದಲ್ಲಿ ಒಂದು ಕೆಲಸ ಸರಿಯಾಗಿ ಮಾಡಿದೆ ಅನ್ನಿಸಿತು.

ಆಮೇಲೆ ಆಷಾಢ ಬಂತು.

ನಮ್ಮ ಕಡೆ ಆಷಾಢದ ಗಾಳಿ ಹೇಗಿರುತ್ತದೆಂದು ಗೊತ್ತಿರುವವರಿಗೆ ಗೊತ್ತು. ತೆಂಗಿನ ಮರ ಗಾಳಿಗೆ ತೂಗುತ್ತದೆ ಎಂಬುದೂ ಹುಟ್ಟಿದ ಮಗುವಿಗೆ ಗೊತ್ತು. ನನಗೂ ಗೊತ್ತಿತ್ತು. ಆದರೆ ಪಿಲ್ಲರು ತೂಗುತ್ತದೆಂದು ಗೊತ್ತಿರಲಿಲ್ಲ! ಮರದ ಪಕ್ಕದಲ್ಲಿ ಮೊದಲು ಒಂದು ಕೂದಲೆಳೆಯ ಬಿರುಕು ಕಂಡಿತು. ನಿಂಗಪ್ಪ ಬಂದು ನೋಡಿ, "ಸಿಮೆಂಟು ಕಮ್ಮಿ ಆಗೈತೆ ಸಾ" ಎಂದು ಇನ್ನಷ್ಟು ಜಡಿದು ಹೋದ. ಮರ ಇನ್ನಷ್ಟು ಬಿಗಿಯಾಗಿ ಗೋಡೆಯ ಕೈ ಹಿಡಿಯಿತು. ಅದು ಈ ಕಡೆ ವಾಲಿದರೆ ಗೋಡೆಯೂ ಈ ಕಡೆ, ಅದು ಆ ಕಡೆ ವಾಲಿದರೆ ಗೋಡೆಯೂ ಆ ಕಡೆ. ಇಡೀ ಆಫೀಸು ಕಿರ್ರೋ ಎನ್ನತೊಡಗಿತು.

"ಸಾ, ಎತ್ತಿನ ಗಾಡಿ ಮ್ಯಾಲೆ ಕೂತು ಮಾತಾಡ್ತಿದೀರಾ?" ಎಂದು ರೈತರೊಬ್ಬರು ಕೇಳಿದರು.

"ಇಲ್ಲ, ಆಫೀಸಲ್ಲಿದೀನಿ," ಎಂದೆ.

"ಹಂಗಾರೆ ಕೀಲಿಗೆ ಎಣ್ಣೆ ಬುಡಿ ಸಾ."

ಮಳೆ ಬಂದಾಗ ನೀರು ಮರದ ಮೈ ಹಿಡಿದು ಇಳಿದು ನೇರವಾಗಿ ನನ್ನ ಮೇಜಿನ ಕೆಳಗೆ ಬಂದು ಸೇರುತ್ತಿತ್ತು. ಎಲ್ಲರಿಗೂ ಹನಿ ನೀರಾವರಿ ಮಾಡಿಸಿದವನಿಗೆ ಅದೂ ಆಯಿತು. ಇಷ್ಟರಲ್ಲಿ ಕಾಯಿ ಕೀಳುವ ಸಿದ್ದ ಬಂದ. ಆಫೀಸನ್ನು ನೋಡಿದ, ಮರವನ್ನು ನೋಡಿದ, ನನ್ನನ್ನು ನೋಡಿದ.

"ಕಾಯಿ ಎಲ್ಲಿಗೆ ಕೆಡವ್ಲಿ ಸಾ? ನಿಮ್ಮ ತಲೆ ಮ್ಯಾಲ್ಕಾ?"

ಉತ್ತರಕ್ಕೆ ಕಾಯದೆ ಅವನು ಹೊರಟುಹೋದ. ಅವನು ಕೆಡವದಿದ್ದರೆ ಕಾಯಿ ಬೀಳದೆ ಇರುತ್ತದೆಯೇ? ಬಲಿತವು ತಾವಾಗಿಯೇ ಬೀಳತೊಡಗಿದವು. ಶೀಟಿನ ಮೇಲೆ ಢಬ್ ಎಂದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಬೇರೆ ದಾರಿ ಕಾಣದೆ ಬೈಕಿನ ಹೆಲ್ಮೆಟ್ ಹಾಕಿಕೊಂಡು ಕೂರತೊಡಗಿದೆ. ಅದನ್ನು ತೆಗೆಯುವುದು ಮರೆತೇ ಒಂದು ದಿನ ವಿಡಿಯೋ ಮೀಟಿಂಗಿಗೆ ಹಾಜರಾದೆ.

"ರುದ್ರೇಶ್, ಹೆಲ್ಮೆಟ್ ಯಾಕೆ?" ಎಂದರು ಮೇಡಂ.

"ಈಗಷ್ಟೇ ಆಫೀಸಿಗೆ ಬಂದೆ ಮೇಡಂ!" ಎಂದೆ.

ಪ್ರಭಾಗೆ ಇದೆಲ್ಲ ಕಾಣಿಸದೆ ಇರಲಿಲ್ಲ. ಊಟಕ್ಕೆ ಕೂತಾಗ, "ರೀ, ನಂಗೆ ಭಯ ಆಗ್ತಿದೆ. ಹಾಲಿಗೇ ಬಂದ್ಬಿಡಿ. ನಾವು ಮಾತು ನಿಲ್ಲಿಸ್ತೀವಿ" ಎಂದಳು. ಹಾಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಈಗಷ್ಟೇ ಕೈಗೆ ಬಂದಿದ್ದನ್ನು ವಾಪಸ್ಸು ಕೊಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಇಲ್ಲ, ನಾನು ಸೋಲುವುದಿಲ್ಲ, ಮನೆಯ ಹಾಲ್ ಇವಳಿಗೇ ಇರಬೇಕು ಎಂದು ನಿರ್ಧರಿಸಿದೆ. ಆ ನಿರ್ಧಾರ ಒಳ್ಳೆಯದೇ. ಅದರ ಬೆನ್ನಿಗೆ ನಾನು ಮಾಡಿದ ಕೆಲಸ ಮಾತ್ರ ಯಾವ ದೇವರೂ ಮೆಚ್ಚುವಂಥದ್ದಲ್ಲ.

ಇಷ್ಟರಲ್ಲಿ ಗೋಡೆಗಳು ಹೊರಗಡೆಗೆ ವಾಲಿದ್ದವು ನೋಡಿ. ವಾಲಿದ್ದನ್ನು ಎಳೆದು ಕಟ್ಟಬೇಕು, ಸರಿಯೇ? ದಪ್ಪನೆಯ ತಂತಿ ತಂದೆ. ಮೂಲೆಯ ಬ್ಲಾಕುಗಳಿಗೆ ತೂತು ಕೊರೆದು ತಂತಿ ತೂರಿಸಿದೆ. ಇನ್ನೊಂದು ತುದಿಯನ್ನು ಗಟ್ಟಿಯಾದ ಯಾವುದಕ್ಕಾದರೂ ಕಟ್ಟಬೇಕಿತ್ತು. ಹಿತ್ತಲೆಲ್ಲ ಹುಡುಕಿದೆ. ಅಲ್ಲಿ ಇದ್ದುದರಲ್ಲಿ ಗಟ್ಟಿಯಾದದ್ದು ಒಂದೇ.

ಮರಕ್ಕೆ ಕಟ್ಟಿದೆ!

ಅದುವರೆಗೆ ಮರದ ಜೊತೆ ತೂಗುತ್ತಿದ್ದುದು ಅದರ ಪಕ್ಕದ ಗೋಡೆ ಮಾತ್ರ. ಈಗ ದೂರದ ಗೋಡೆಗಳಿಗೂ ಆ ಭಾಗ್ಯ ಒದಗಿಸಿದ್ದೆ.

ಮಾರನೆಯ ಮಧ್ಯಾಹ್ನ ಗಾಳಿ ಜೋರಾಗಿತ್ತು. ಹಾರನಹಳ್ಳಿ ಕಡೆಯ ರೈತರೊಬ್ಬರು ಫೋನಿನಲ್ಲಿದ್ದರು. ಅವರ ದನಿ ಕಡಿದು ಕಡಿದು ಬರುತ್ತಿತ್ತು. ಸಿಗ್ನಲ್ ಹುಡುಕಿಕೊಂಡು ನಾನು ಫೋನ್ ಸಮೇತ ಮನೆಯ ಮುಂದಿನ ಗೇಟಿನವರೆಗೆ ಬಂದೆ. ಆಗ ಹಿಂದಿನಿಂದ ಒಂದು ಸದ್ದು ಕೇಳಿಸಿತು. ಲಾರಿಯಿಂದ ಜಲ್ಲಿ ಸುರಿದ ಹಾಗೆ ಆರಾಮವಾಗಿ, ಬಹಳ ಹೊತ್ತು.

"ಏನ್ ಸಾ ಅದು ಸದ್ದು?" ಎಂದರು ರೈತರು.

"ಏನಿಲ್ಲ. ನೀವು ವಾಲ್ವ್ ವಿಷಯ ಹೇಳಿ," ಎಂದೆ. ಅಭ್ಯಾಸಬಲ.

ಅಷ್ಟರಲ್ಲಿ ಹಿತ್ತಲಿನಿಂದ ಇನ್ನೊಂದು ದನಿ ಬಂತು. "ರುದ್ರೇಶಾ!" ಮದುವೆಯಾದಂದಿನಿಂದ 'ರೀ' ಬಿಟ್ಟು ಇನ್ನೊಂದು ಮಾತಿನಿಂದ ನನ್ನನ್ನು ಕರೆಯದ ಪ್ರಭಾ ಹೆಸರು ಹಿಡಿದು ಕಿರುಚುತ್ತಿದ್ದಳು. ಓಡಿದೆ. ಶೀಟು ಬಗ್ಗಿ ಮರಕ್ಕೆ ಆತುಕೊಂಡಿತ್ತು. ಧೂಳಿನ ನಡುವೆ ಅವಳು ಬಗ್ಗಿ ಬರಿಗೈಯಲ್ಲಿ ಬ್ಲಾಕುಗಳನ್ನು ಎತ್ತಿ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದಳು. ಕೈಯಲ್ಲಿ ರಕ್ತ.

"ನಾನು ಇಲ್ಲಿದೀನಿ ಕಣೇ," ಎಂದೆ.

ತಿರುಗಿ ನೋಡಿದಳು. ಬಂದು ನನ್ನ ಅಂಗಿ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಬೈಯಲು ಶುರು ಮಾಡಿದಳು. ಅಬ್ಬಾ! ಇಷ್ಟು ದಿನ ಒಳಗೆ ಕೂಡಿಟ್ಟಿದ್ದ ದನಿಯೆಲ್ಲ ಒಟ್ಟಿಗೆ ಹೊರಬಂತು. ನನ್ನ ಬುದ್ಧಿ, ನನ್ನ ತಂತಿ, ನನ್ನ ಹೆಲ್ಮೆಟ್ಟು, ಯಾವುದನ್ನೂ ಬಿಡಲಿಲ್ಲ. ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡೆ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ನನ್ನ ಕಿವಿಯ ಹೆಡ್‌ಫೋನಿನಿಂದ ಒಂದು ದನಿ ಬಂತು.

"ಸಾ, ಅಕ್ಕಾರು ಹೇಳೋದ್ರಲ್ಲಿ ನ್ಯಾಯ ಐತೆ."

ಆ ಕರೆಯ ಬಗ್ಗೆ ಮೇಡಂ ಇಂದಿಗೂ ಒಂದು ಮಾತು ಕೇಳಿಲ್ಲ. ಕೇಳಿಸಿಕೊಂಡಿರಬೇಕು.

ಅತ್ತೆ ಬಂದವರೇ ಮೊದಲು ಮರದ ಬುಡವನ್ನು ಸವರಿ ನೋಡಿ, "ಸದ್ಯ, ಇದಕ್ಕೇನೂ ಆಗಿಲ್ಲ" ಎಂದರು. ಆಮೇಲೆ ನೆನಪಾಗಿ, "ನೀವು ಹೆಂಗಿದ್ದೀರಾ ಅಳಿಯಂದ್ರೆ?" ಎಂದರು. ಸಂಜೆ ನಿಂಗಪ್ಪ ಬಂದ. ಅವನೂ ಮರವನ್ನೇ ತಟ್ಟಿ ನೋಡಿದ.

"ಗೋಡೆ ಕೈ ಕೊಡ್ತು ಸಾ. ಪಿಲ್ಲರ್ ನೋಡಿ, ಒಂಚೂರು ಅಳ್ಳಾಡಿಲ್ಲ!"

ಅವನ ಜೊತೆ ಜಗಳವಾಡುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ. ಉಳಿದ ಗೋಡೆಗಳೂ ವಾಲಿದ್ದವು. ನಿಂಗಪ್ಪ ಶೀಟು, ತಂತಿ ತೆಗೆದುಹಾಕಿ ಅವನ್ನು ಮೇಲಿನಿಂದ ಬಿಚ್ಚುತ್ತ ಬಂದ. ಮೊಣಕಾಲೆತ್ತರಕ್ಕೆ ಬಂದಾಗ ಗೋಡೆ ಅಲುಗಾಡುವುದು ನಿಂತಿತು. ಬಿಚ್ಚಿದ ಬ್ಲಾಕುಗಳನ್ನು ಎಲ್ಲಿಡುವುದೆಂದು ತಿಳಿಯದೆ, ಆ ಮೋಟು ಗೋಡೆಗಳ ಪಕ್ಕಕ್ಕೇ ಒತ್ತೊತ್ತಾಗಿ ಜೋಡಿಸಿಟ್ಟು, "ಇನ್ನೊಂದಪ ಬತ್ತೀನಿ ಸಾ" ಎಂದು ಹೋದ. ಬರಲಿಲ್ಲ. ಮರದ ಸುತ್ತ ಬಳಿದಿದ್ದ ಸಿಮೆಂಟನ್ನು ಅತ್ತೆಯವರೇ ಕೂತು ಕುಟ್ಟಿ ಕುಟ್ಟಿ ಬಿಡಿಸಿದರು.

ಬಗ್ಗಿದ ಶೀಟಿನ ಕೆಳಗೆ ಹೇಗೋ ಉಳಿದುಕೊಂಡಿದ್ದ ಲ್ಯಾಪ್‌ಟಾಪು ಹೊತ್ತುಕೊಂಡು ನಾನು ಮತ್ತೆ ಹಾಲಿಗೆ ಬಂದೆ. ಪ್ರಭಾ ಟಿವಿಯ ಸದ್ದು ತಾನೇ ಕಡಿಮೆ ಮಾಡಿದಳು. ಕುಕ್ಕರನ್ನು ಪಾತ್ರೆಗಳ ಹಿಂದಕ್ಕೆ ಸರಿಸಿದಳು. "ಕಾಫಿ ಬೇಕಾ?" ಎಂದು ಪಿಸುಗುಟ್ಟಿದಳು. ಆ ಪಿಸುದನಿ ಕೇಳಿ ನನಗಾದ ಸಂಕಟ ಗೋಡೆ ಬಿದ್ದಾಗಲೂ ಆಗಿರಲಿಲ್ಲ. ಅವಳು ಕೇಳಿದ್ದು ಒಂದೇ ಒಂದು. ಅದನ್ನೂ ಕೊಟ್ಟು ಕಿತ್ತುಕೊಂಡಿದ್ದೆ.

ಕೆಲವು ದಿನ ಹೀಗೇ ಕಳೆದವು. ಒಂದು ಮಧ್ಯಾಹ್ನ ಕರೆಗಳ ನಡುವೆ ಬಿಡುವು ಸಿಕ್ಕಿತು. ಮನೆ ನಿಶ್ಶಬ್ದವಾಗಿತ್ತು, ಪಿಸುಮಾತು ಕೂಡ ಇಲ್ಲ. ಹೆಡ್‌ಫೋನ್ ತೆಗೆದೆ. ದೂರದಲ್ಲಿ ಯಾರೋ ಗಹಗಹಿಸಿ ನಗುತ್ತಿದ್ದರು. ಹಿತ್ತಲ ಬಾಗಿಲಿನಿಂದ ಇಣುಕಿದೆ.

ನನ್ನ ಆಫೀಸಿನ ಗೋಡೆಯ ಮೇಲೆ ಪ್ರಭಾ ಕಾಲು ಇಳಿಬಿಟ್ಟು ಕೂತಿದ್ದಳು. ಪಕ್ಕದಲ್ಲಿ ಅತ್ತೆ, ಅವರ ಮಗ್ಗುಲಲ್ಲಿ ಎಲೆ ಅಡಿಕೆ. ಎದುರು ಗೋಡೆಯ ಮೇಲೆ ಬೀದಿಯ ಹೆಂಗಸರು ಸಾಲಾಗಿ ಕೂತಿದ್ದರು. ಮೇಲೆ ತೆಂಗಿನ ಗರಿಯ ನೆರಳು. ಸಿದ್ದ ಆಗಲೇ ಬಂದು ಕಾಯಿ ಕಿತ್ತುಕೊಟ್ಟು ಹೋಗಿದ್ದನೆಂದು ಕಾಣುತ್ತದೆ. ಒಬ್ಬಾಕೆ ಎಳನೀರು ಕುಡಿಯುತ್ತಿದ್ದಳು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಯಾರೂ ಯಾರದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅತ್ತೆಯವರ ದನಿ ಮತ್ತೆ ಬದುವಿನಿಂದ ಬದುವಿಗೆ ಹೋಗುತ್ತಿತ್ತು.

"ನಮ್ಮ ಅಳಿಯಂದ್ರೇ ಕಟ್ಸವ್ರೆ ಕಣ್ರೇ ಈ ಕಟ್ಟೇನ," ಎಂದು ಅವರು ಹೇಳುತ್ತಿದ್ದರು. "ಹೆಂಗಸ್ರು ಆರಾಮಾಗಿ ಕೂತ್ಕಳ್ಳಿ ಅಂತ!"

ನನಗೂ ಸ್ವಲ್ಪ ಹೊತ್ತು ಕೂರೋಣವೆನ್ನಿಸಿ ಹೊರಗೆ ಕಾಲಿಟ್ಟೆ. ಎಲ್ಲರ ಮಾತೂ ಥಟ್ಟನೆ ನಿಂತಿತು. ಒಬ್ಬಾಕೆ ಸೆರಗು ಸರಿಮಾಡಿಕೊಂಡಳು. ಪ್ರಭಾ, "ಏನ್ರೀ?" ಎಂದಳು. ಏನಿಲ್ಲ ಎಂದು ಒಳಗೆ ಬಂದೆ. ನನ್ನ ಬೆನ್ನ ಹಿಂದೆ ಮಾತು ಮತ್ತೆ ಶುರುವಾಯಿತು.

ಸಂಜೆ ಅವಳು ಕಾಫಿ ತಂದಾಗ, ತಪ್ಪೊಪ್ಪಿಗೆಯ ದನಿಯಲ್ಲಿ ಕೇಳಿದೆ: "ಈ ಸಲ ಸರಿಯಾದ ಇಂಜಿನಿಯರನ್ನ ಕೇಳಿ, ಪಾಯ ಆಳವಾಗಿ ತೆಗೆಸಿ, ಗಟ್ಟಿಯಾಗಿ ಕಟ್ಟಿಸಲಾ?"

ಪ್ರಭಾ ಗಾಬರಿಯಿಂದ ನನ್ನ ಮುಖ ನೋಡಿದಳು.

"ಬೇಡ ಕಣ್ರೀ, ನಿಮ್ಮ ಕಾಲಿಗೆ ಬೀಳ್ತೀನಿ. ನೀವು ಕಟ್ಟಿಸಿದ್ರಲ್ಲಿ ಬಿದ್ದಿರೋದೇ ಚೆನ್ನಾಗಿರೋದು."

ಹಾಗೆಂದು ಟಿವಿ ಸಮೇತ ಇಡೀ ಹಾಲ್ ಅನ್ನು ನನಗೇ ಬಿಟ್ಟು, ಬಾಗಿಲು ಎಳೆದುಕೊಂಡು ಹಿತ್ತಲಿಗೆ ಹೋದಳು.